ಮುಂದಿನದರಲ್ಲಿ ಅದುರು ಇರಲಿ

ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಕ್ಷೇಮ ಸಮಾಚಾರಕ್ಕೆ ಮೊದಲು ಬೈದುಬಿಡು, ಕೇಳಿಸಿಕೊಳ್ಳುತ್ತೇನೆ. ನಿನ್ನ ಕಂಪನಿಯ ಫಾರಂ ಬಂದು ಒಂದೂವರೆ ತಿಂಗಳಾಯಿತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಲ್ಲಿ ಸಿಕ್ಕಿಸಿದ್ದೇನೆ. ಹಾಲು ತೆಗೆಯಲು ಹೋದಾಗಲೆಲ್ಲ ಲೆಕ್ಕದ ಮೇಷ್ಟರ ಹಾಗೆ ನನ್ನನ್ನೇ ನೋಡುತ್ತದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನೀನೇ ಹೇಳಿ ಮುಗಿಸುತ್ತೀಯ. ಕಾಗದದಲ್ಲಾದರೆ ಕೊನೆಯವರೆಗೂ ನನ್ನದೇ ಮಾತು. ಅಲ್ಲದೆ ಚೋಟು ಈಗಷ್ಟೇ ತೊಟ್ಟಿಲಲ್ಲಿ ಮಲಗಿದ್ದಾಳೆ. ಅವಳು ಮಲಗಿದರೆ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ, ಅದು ನಾನು ಮಾಡಿದ ಕಾನೂನು. ಬಾಗಿಲ ಬೆಲ್ಲಿನ ತಂತಿ ಕಿತ್ತಿದ್ದೇನೆ, ಅತ್ತೆಗೆ ಮೆತ್ತನೆಯ ಚಪ್ಪಲಿ ಕೊಡಿಸಿದ್ದೇನೆ, ಇವರು ಸೀನು ಬಂದರೆ ಬಾತ್‌ರೂಮಿಗೆ ಓಡುತ್ತಾರೆ. ನಾನು ಇಸ್ತ್ರಿ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಪೆನ್ನು ಕೂಡ ಸದ್ದು ಮಾಡದ ಹಾಗೆ ಬರೆಯುತ್ತಿದ್ದೇನೆ.

ಸರಿ, ಫಾರಂ. ನಲವತ್ತು ನೌಕರರ ಮನೆಗೆ ಒಂದೊಂದು ಕ್ಯಾಮೆರಾ ಕೊಟ್ಟು, ಒಂದು ವರ್ಷ ಬಳಸಿ ಆಮೇಲೆ ವಾಪಸ್ ಕೊಡಿ ಎಂದಿರಿ. ಈಗ ‘ಮುಂದಿನ ಆವೃತ್ತಿಯಿಂದ ನಿಮ್ಮ ನಿರೀಕ್ಷೆಗಳೇನು?’ ಎಂದು ಕೇಳಿ ಕೆಳಗೆ ಮೂರೇ ಗೆರೆ ಬಿಟ್ಟಿದ್ದೀರಿ. ಮೂರು ಗೆರೆಯಲ್ಲಿ ಮುಗಿಯುವಷ್ಟು ನಿರೀಕ್ಷೆ ಇಟ್ಟುಕೊಂಡವಳು ನಿನ್ನ ತಂಗಿ ಅಲ್ಲ.

ಮೊದಲನೆಯದು, ಆ ಲಿವರ್. ನೋಡಲು ಅಪ್ಪನ ಕಾಲದ ಕ್ಯಾಮೆರಾ ಹಾಗೇ ಇರಲಿ ಎಂದು ಮಾಡಿದ್ದೀರಿ, ಒಪ್ಪಿದೆ. ಆದರೆ ಫಿಲ್ಮೇ ಇಲ್ಲದ ಕ್ಯಾಮೆರಾಕ್ಕೆ ಫಿಲ್ಮ್ ಸುತ್ತುವ ಲಿವರ್ ಯಾಕೆ? ಬೊಕ್ಕತಲೆಗೆ ಬಾಚಣಿಗೆ ಇಟ್ಟ ಹಾಗಿದೆ ಎಂದು ಅತ್ತೆ ನಗುತ್ತಾರೆ. ಎರಡನೆಯದು, ಕುತ್ತಿಗೆಗೆ ಹಾಕುವ ಚರ್ಮದ ಪಟ್ಟಿ. ಚೋಟುವಿಗೆ ಇರುವುದು ನಾಲ್ಕು ಹಲ್ಲು, ನಾಲ್ಕಕ್ಕೂ ಅದೇ ಕೆಲಸ. ಮೂರನೆಯದು, ಕೈ ನಡುಗಿದರೆ ಚಿತ್ರ ಮಸುಕು. ಹಳೇ ಕ್ಯಾಮೆರಾ ಹಾಗೇ ಇರಲಿ ಎಂದು ಅದನ್ನೂ ಸರಿ ಮಾಡದೆ ಬಿಟ್ಟಿದ್ದೀರಂತೆ. ಹನ್ನೊಂದು ತಿಂಗಳಿಂದ ಒಂದು ದಿನವೂ ಸರಿಯಾಗಿ ನಿದ್ದೆ ಮಾಡದವಳ ಕೈ ಹೇಗಿರುತ್ತದೆಂದು ನಿಮ್ಮ ಇಂಜಿನಿಯರುಗಳಲ್ಲಿ ಯಾರಾದರೂ ಯೋಚಿಸಿದ್ದಾರಾ? ಅದಕ್ಕೇ ನಾನು ಯಾವಾಗಲೂ ಕ್ಯಾಮೆರಾವನ್ನು ತೊಟ್ಟಿಲಿನ ಮರದ ಕಂಬಿಗೆ ಒತ್ತಿ ಇಟ್ಟುಕೊಂಡೇ ತೆಗೆಯುವುದು. ಚೋಟು ಅದೇ ಕಂಬಿ ಹಿಡಿದುಕೊಂಡು ನಿಂತಿರುತ್ತಾಳೆ, ಜೈಲಿನ ಕೈದಿಯ ಹಾಗೆ.

ಇನ್ನು ನಿಜವಾದ ದೂರು. ಕಳೆದ ತಿಂಗಳು ನೀವು ಕಳಿಸಿದ ಅಪ್‌ಡೇಟ್ ಹಾಕಿಕೊಂಡೆ. ಆವತ್ತಿನಿಂದ ಚೋಟು ಕ್ಯಾಮೆರಾ ಕಡೆ ನೋಡುತ್ತಿಲ್ಲ. ಮೊದಲು ಹೇಗಿತ್ತು ಗೊತ್ತಾ, ಅವಳು ಆಚೆ ಮುಖ ಮಾಡಿಕೊಂಡಿದ್ದರೂ ನಾನು ಗುಂಡಿ ಒತ್ತಿ ‘ಕ್ಲಕ್’ ಅಂದ ತಕ್ಷಣ ತಿರುಗುತ್ತಿದ್ದಳು. ಅದಕ್ಕೇ ಒಂದು ಚಿತ್ರ ಸುಮ್ಮನೆ ಹಾಳು ಮಾಡಿ, ಎರಡನೆಯದರಲ್ಲಿ ಅವಳ ಮುಖ ಹಿಡಿಯುತ್ತಿದ್ದೆ. ನಮ್ಮಲ್ಲಿ ಅರ್ಧದಷ್ಟು ಚಿತ್ರ ತಲೆಯ ಹಿಂಭಾಗದ್ದು, ಇನ್ನರ್ಧ ನಗುಮುಖದ್ದು. ಈಗ ಬರೀ ತಲೆಯ ಹಿಂಭಾಗವೇ. ನಾನು ಕರೆದರೆ ತಿರುಗುವುದಿಲ್ಲ, ಅದು ಮೊದಲಿನಿಂದಲೂ ಇದ್ದದ್ದೇ. ಅತ್ತೆ, “ರಾಣಿ ಕಣೇ ಇವಳು, ನಾವು ಕರೆದಾಗೆಲ್ಲ ತಿರುಗೋಕೆ ನಾವೇನು ಅವಳ ಸರೀಕರಾ?” ಅನ್ನುತ್ತಾರೆ. ಆದರೆ ಕ್ಯಾಮೆರಾಕ್ಕೆ ತಿರುಗುತ್ತಿದ್ದಳಲ್ಲ. ಅದೊಂದು ಧೈರ್ಯ ಇತ್ತು ನನಗೆ.

ಆ ಶಬ್ದ ಏನಾದರೂ ಬದಲಾಯಿಸಿದಿರಾ? ಅಪ್ಪನ ಕ್ಯಾಮೆರಾದಿಂದ ನೀನೇ ಮುದ್ರಿಸಿಕೊಂಡ ಶಬ್ದ ಅದು. ನನಗೆ ಆ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನ ಕ್ಯಾಮೆರಾ ರಿಪೇರಿ ಅಂಗಡಿಯ ಬಾಗಿಲು ಎಳೆದು, ಫ್ಯಾನ್ ಆರಿಸಿ, ನೀನು ಮೈಕು ಹಿಡಿದು ಕೂತಿದ್ದೆ. ಬಾಟಲಿ ಮುಚ್ಚಳಗಳಲ್ಲಿ ಎಳ್ಳಿನಷ್ಟು ಸಣ್ಣ ಸ್ಕ್ರೂಗಳು. ಅಪ್ಪನಿಗೆ ಆಗಲೇ ಕಿವಿ ಪೂರ್ತಿ ಹೋಗಿತ್ತು. ಆದರೂ ಶಟರ್ ಸರಿಯಾಗಿ ಓಡಿತೋ ಇಲ್ಲವೋ ಎಂದು ಕ್ಯಾಮೆರಾದ ತಳಕ್ಕೆ ಹೆಬ್ಬೆರಳು ಒತ್ತಿ ಹೇಳುತ್ತಿದ್ದರು: ಇದು ಸೆಕೆಂಡಿನ ಮೂವತ್ತನೇ ಒಂದು, ಇದು ಅರವತ್ತನೇ ಒಂದು, ಇದು ಎಳೀತಾ ಇದೆ, ಎಣ್ಣೆ ಹಾಕಬೇಕು. ಆಮೇಲೆ ನೀನು ಮೊದಲ ಮಾದರಿ ತಂದು ಅವರ ಕೈಗೆ ಕೊಟ್ಟಾಗ ಹೆಬ್ಬೆರಳು ಒತ್ತಿ ಕೂತರು. ಬೆರಳಿಗೆ ಏನೂ ಅದುರಲಿಲ್ಲ. “ಶಬ್ದ ಹಾಕಿದೀಯಂತೆ, ಸಂತೋಷ ಮಗಳೇ. ಅದುರು ಎಲ್ಲಿ?” ಅಂದರು. ನೀನು ಮುಖ ಊದಿಸಿಕೊಂಡು ಹೋಗಿ, ಒಳಗೆ ಕಬ್ಬಿಣದ ಸಣ್ಣ ಚೂರೊಂದು ಹಾರಿ ಬಡಿಯುವ ಹಾಗೆ ಮಾಡಿಸಿಕೊಂಡು ಬಂದೆ. ಎರಡನೇ ಸಲ ಒತ್ತಿದಾಗ ಅಪ್ಪ ನಕ್ಕದ್ದು ನನಗೆ ಮರೆತಿಲ್ಲ. ಅವರು ಹೋಗಿ ಎರಡು ವರ್ಷವಾಯಿತು, ಆ ನಗು ಈಗಲೂ ಬೆಚ್ಚಗಿದೆ.

ಅದಕ್ಕೇ ಕೇಳುತ್ತಿದ್ದೇನೆ, ಶಬ್ದ ಮುಟ್ಟಬೇಡಿ. ಮುಂದಿನದರಲ್ಲಿ ಬೇಕಾದರೆ ಇನ್ನಷ್ಟು ಜೋರಾಗಿರಲಿ. ಬೇಗ ಬರೆ. ನನ್ನದು ಹುಚ್ಚು ಅಂತ ಇವರು ಅನ್ನುತ್ತಾರೆ. ಹುಚ್ಚೇ ಇರಲಿ ಎಂದು ನಾನೂ ಆಸೆ ಪಡುತ್ತಿದ್ದೇನೆ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಬಾಲಂಗೋಚಿ

ಮರೆತಿದ್ದೆ: ಕ್ಯಾಮೆರಾವನ್ನು ಅದರ ಮೂಲ ಪೆಟ್ಟಿಗೆಯಲ್ಲೇ ವಾಪಸ್ ಕಳಿಸಬೇಕು ಎಂದು ಫಾರಂ ಹಿಂಬದಿಯಲ್ಲಿದೆ. ಪೆಟ್ಟಿಗೆ ಇಲ್ಲದಿದ್ದರೆ ಆಗುವುದಿಲ್ಲವಾ? ಅದು ಎಲ್ಲಿದೆಯೋ ಏನೋ.

*

ಮಾರ್ಚ್ ೨೪, ಸೋಮವಾರ

ಅಕ್ಕ,

ನಿನ್ನ ಉತ್ತರ ಬಂದು ಆರು ದಿನವಾಯಿತು. ಆರು ದಿನ ಪೆನ್ನು ಮುಟ್ಟಲಿಲ್ಲ, ಕ್ಷಮಿಸು. ನೀನು ಫೋನ್ ಮಾಡಿದಾಗಲೂ ಎತ್ತಲಿಲ್ಲ. ಎತ್ತಿದ್ದರೆ ನೀನು ‘ಹಲೋ’ ಅನ್ನುವುದರೊಳಗೆ ನಾನು ಅತ್ತುಬಿಡುತ್ತಿದ್ದೆ.

ನೀನು ತಮಾಷೆಯಾಗೇ ಬರೆದಿದ್ದೆ. “ಶಬ್ದ ಮುಟ್ಟಿಲ್ಲ ಕಣೇ, ಅಪ್ಪನ ಶಬ್ದ ಮುಟ್ಟಿದರೆ ನನ್ನ ಕೈ ಸೇದಿಹೋಗಲಿ. ಬ್ಯಾಟರಿ ಬೇಗ ಖಾಲಿಯಾಗುತ್ತೆ ಅಂತ ಮೂವತ್ತು ಮನೆಯವರು ಗೋಳಾಡಿದರು, ಅದಕ್ಕೆ ಅದುರು ಮಾತ್ರ ನಿಲ್ಲಿಸಿದ್ದೀವಿ. ನಿನಗೆ ಬೇಕಿದ್ದರೆ ಹಿಂದಿನ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿ, ವಾಪಸ್ ಬರುತ್ತೆ.” ಅಷ್ಟೇ. ಅದಾದಮೇಲೆ ಭಾವನ ಹಲ್ಲುನೋವಿನ ಪುರಾಣ.

ನಾನು ಆ ಸಾಲನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅತ್ತೆ ಬಂದು ಒಲೆ ಆರಿಸಿದರು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಅಕ್ಕ. ಒಂದು ಪ್ರಯೋಗದಲ್ಲಿ ಒಂದೇ ಸಲಕ್ಕೆ ಎರಡು ಸಂಗತಿ ಕೊಟ್ಟರೆ ಫಲ ಯಾವುದರಿಂದ ಬಂತು ಎಂದು ಹೇಳಲಾಗದು. ಮೊದಲ ವರ್ಷದ ಮೊದಲ ಪಾಠ ಅದು. ಅಪ್‌ಡೇಟ್ ಬರುವವರೆಗೂ ನಾನು ನನ್ನ ಮಗಳಿಗೆ ಶಬ್ದವನ್ನೂ ಅದುರನ್ನೂ ಒಟ್ಟಿಗೆ ಕೊಟ್ಟು, ಅವಳು ತಿರುಗಿದಾಗಲೆಲ್ಲ ಶಬ್ದಕ್ಕೇ ಅಂಕ ಹಾಕಿಕೊಂಡು ಕೂತಿದ್ದೆ.

ಆ ಮಧ್ಯಾಹ್ನ ಅವಳು ಎದ್ದು ಕಂಬಿ ಹಿಡಿದು ನಿಂತಳು. ಆಚೆ ಗೋಡೆಯ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು, ಅದನ್ನೇ ನೋಡುತ್ತಿದ್ದಳು. ನಾನು ಮೊದಲು ಶಬ್ದ ಒಂದನ್ನೇ ಇಟ್ಟೆ, ಪೂರ್ತಿ ಜೋರಾಗಿ, ಅವಳ ಕಿವಿಯ ಹಿಂದೆ ಒಂದು ಗೇಣು ದೂರದಲ್ಲಿ. ಕ್ಲಕ್. ಬಿಸಿಲನ್ನೇ ನೋಡುತ್ತಿದ್ದಳು. ಹತ್ತು ಸಲ ಒತ್ತಿದೆ. ಆಮೇಲೆ ಶಬ್ದ ಪೂರ್ತಿ ನಿಲ್ಲಿಸಿ, ನೀನು ಹೇಳಿದ ಎರಡು ಗುಂಡಿ ಒತ್ತಿ ಹಿಡಿದು, ಕ್ಯಾಮೆರಾವನ್ನು ಕಂಬಿಗೆ ಆನಿಸಿದೆ. ಒತ್ತುವ ಮೊದಲು ಯಾವ ದೇವರಿಗೆ ಏನು ಕೇಳಿಕೊಂಡೆನೋ ನೆನಪಿಲ್ಲ. ತಿರುಗಬೇಡ, ತಿರುಗಬೇಡ ಕಂದಾ ಎಂದು ಬಾಯೊಳಗೇ ಅಂದುಕೊಂಡದ್ದು ಮಾತ್ರ ನೆನಪಿದೆ.

ಒತ್ತಿದೆ. ಕೋಣೆಯಲ್ಲಿ ನನಗೂ ಏನೂ ಕೇಳಿಸಲಿಲ್ಲ.

ಅವಳು ತಟ್ಟನೆ ತಿರುಗಿ, ಕ್ಯಾಮೆರಾ ನೋಡಿ, ನಾಲ್ಕೂ ಹಲ್ಲು ತೋರಿಸಿ ನಕ್ಕಳು.

ಚಿತ್ರ ಬಂದಿದೆ. ನಾನು ತೆಗೆದ ಚಿತ್ರಗಳಲ್ಲೇ ಇಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ನಿನಗೆ ಕಳಿಸುವ ಧೈರ್ಯವಿಲ್ಲ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ನಾನೇ ಕೊಡಿಸಿದ ಚಪ್ಪಲಿ ನೋಡು, ಸದ್ದೇ ಇರಲಿಲ್ಲ. ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದರು. ಚೋಟುವಿನ ಬೆನ್ನ ಹಿಂದೆ, ಹಾಸಿದ್ದ ದಪ್ಪ ಹೊದಿಕೆಯ ಮೇಲೆ ಕೂತು, ತಟ್ಟೆಗೆ ಸೌಟಿನಿಂದ ಬಡಿದರು. ನನಗೇ ಎದೆ ಝಲ್ಲೆಂದಿತು. ಅವಳು ಹಿಂದೆ ತಿರುಗದೆ, ನಗುತ್ತಲೇ ನನ್ನ ಕಡೆ ಎತ್ತಿಕೋ ಎಂದು ಕೈ ಚಾಚಿದಳು. ಅತ್ತೆ ತಟ್ಟೆ ಕೆಳಗಿಟ್ಟು, “ನಾನು ಎರಡು ತಿಂಗಳಿಂದ ಹೀಗೆ ಬಡೀತಾ ಇದೀನಿ ಕಣಮ್ಮ, ನೀನು ಸ್ನಾನಕ್ಕೆ ಹೋದಾಗ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ,” ಅಂದರು. ರಾಣಿ, ಸರೀಕರು ಅಂತೆಲ್ಲ ನಗಿಸುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ನಾವಿಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ತಿಳಿಯದ ಹಾಗೆ ಒಂದೇ ಭಯ ಸಾಕುತ್ತಿದ್ದೆವು.

ಸಂಜೆ ಇವರಿಗೆ ಹೇಳಿದೆ. ನಿನಗೆ ಗೊತ್ತಲ್ಲ, ವಿಮಾ ಕಚೇರಿಯಲ್ಲಿ ದಿನವಿಡೀ ಅರ್ಜಿ ನೋಡುವವರು, ಸಾಕ್ಷಿಯಿಲ್ಲದೆ ಏನನ್ನೂ ನಂಬುವುದಿಲ್ಲ. ಶೂ ಬಿಚ್ಚದೆ ಬಾಗಿಲಲ್ಲೇ ನಿಂತು ‘ಚೋಟು’ ಎಂದರು. ಮತ್ತೆ ಕರೆದರು. ದನಿ ಏರುತ್ತಾ ಹೋಯಿತು. ಹನ್ನೊಂದು ತಿಂಗಳಲ್ಲಿ ಈ ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಅವಳು ನೆಲದ ಮೇಲೆ ಡಬ್ಬಿಯೊಂದರ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ಕೊನೆಗೆ ಇವರು ತಡೆಯಲಾರದೆ ಕಾಲಿನಿಂದ ನೆಲಕ್ಕೆ ಧಡ್ಡೆಂದು ಒದ್ದರು. ನಮ್ಮದು ಹಲಗೆಯ ನೆಲ. ಅವಳು ಗಕ್ಕನೆ ತಿರುಗಿದಳು.

“ನೋಡು, ನೋಡು! ಕೇಳ್ತು ಅವಳಿಗೆ,” ಎಂದು ಓಡಿಹೋಗಿ ಎತ್ತಿಕೊಂಡರು. ಅವಳ ಹೊಟ್ಟೆಗೆ ಮುಖ ಉಜ್ಜಿದರು. ಅದು ಕೇಳಿಸಿದ್ದಲ್ಲ, ಹಲಗೆ ಅದುರಿದ್ದು ಎಂದು ನಾನು ಹೇಳಬೇಕಾಯಿತು. ಆ ಮಾತು ಹೇಳಿದ ನನ್ನ ನಾಲಗೆ ಇನ್ನೂ ಕಹಿಯಾಗಿದೆ.

ಏಪ್ರಿಲ್ ಏಳಕ್ಕೆ ಪರೀಕ್ಷೆಗೆ ದಿನ ಸಿಕ್ಕಿದೆ. ಹುಟ್ಟಿದಾಗಲೇ ಆಸ್ಪತ್ರೆಯಲ್ಲಿ ನೋಡಿ ಎಲ್ಲ ಸರಿಯಿದೆ ಅಂದಿದ್ದರಲ್ಲ, ನಡುವೆ ಏನೋ ಆಗಿರಬೇಕು, ಸೋಂಕೋ ಜ್ವರವೋ, ಎಂದು ಇವರು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಇನ್ನೇನು ಅನ್ನಲಿ?

ಫಾರಂ ತುಂಬಿಲ್ಲ. ಬೇಗ ಕಳಿಸುತ್ತೇನೆ. ನಿನ್ನ ಕೆಲಸದಲ್ಲಿ ನನ್ನಿಂದ ತಡವಾಗುವುದು ಬೇಡ.

ನಿನ್ನ ಬಾಲಂಗೋಚಿ

*

ಏಪ್ರಿಲ್ ೯, ಬುಧವಾರ ಸಂಜೆ

ಪ್ರೀತಿಯ ಅಕ್ಕ,

ಫೋನಿನಲ್ಲಿ ಇವರು ನಿನಗೆ ವಿಷಯ ತಿಳಿಸಿದರು, ನಾನು ಪಕ್ಕದಲ್ಲೇ ಇದ್ದೆ. ನೀನು ಕೇಳಿದ ಯಾವುದಕ್ಕೂ ನಾನು ಬಾಯಿ ಬಿಡಲಿಲ್ಲ, ಅದಕ್ಕೆ ಈ ಕಾಗದ. ತಡವಾದರೂ ಎಲ್ಲ ಬರೆಯುತ್ತೇನೆ.

ಪರೀಕ್ಷೆಯ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಬೂದುಬಣ್ಣದ ಮೆತ್ತೆ ಅಂಟಿಸಿದ್ದರು. ಒಳಗೆ ಹೋಗಿ ಬಾಗಿಲು ಹಾಕಿದ ತಕ್ಷಣ ನನ್ನ ಉಸಿರು ನನಗೇ ಕೇಳಿಸತೊಡಗಿತು. ಮಗು ಮಲಗಿದರೆ ಮಾತ್ರ ಪರೀಕ್ಷೆ ಮಾಡಲಾಗುವುದಂತೆ. ಇಷ್ಟು ದಿನ ಅವಳನ್ನು ಮಲಗಿಸಲು ಹೆಣಗಾಡಿದವಳು, ಆ ದಿನ ಬೆಳಿಗ್ಗೆಯಿಂದ ಅವಳು ಮಲಗದ ಹಾಗೆ ನೋಡಿಕೊಂಡಿದ್ದೆ. ನನ್ನ ಮಡಿಲಲ್ಲಿ ಎರಡೇ ನಿಮಿಷಕ್ಕೆ ತೂಕಡಿಸಿದಳು. ಪರೀಕ್ಷೆ ಮಾಡುವ ಹೆಂಗಸು ಬಹಳ ಒಳ್ಳೆಯವಳು, ನಮಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಚೋಟುವಿನ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿದಳು. ಪರದೆಯ ಮೇಲೆ ಗೆರೆಗಳು ಓಡಿದವು. ನಾನು ಆ ಹೆಂಗಸಿನ ಮುಖವನ್ನೇ ನೋಡುತ್ತಿದ್ದೆ. ಮುಖದಲ್ಲಿ ಏನೂ ತೋರಿಸಬಾರದೆಂದು ಅವಳಿಗೆ ಕಲಿಸಿರುತ್ತಾರೆ. ಅವಳು ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದುದು ನೋಡಿದಾಗಲೇ ನನಗೆ ಗೊತ್ತಾಯಿತು. ನಾನೂ ಹಾಗೇ ಒತ್ತಿದ್ದೆನಲ್ಲ.

ಎರಡೂ ಕಿವಿ. ಹುಟ್ಟಿನಿಂದಲೇ.

ಮೊದಲು ಎರಡೂ ಕಿವಿಗೆ ಯಂತ್ರ ಹಾಕಿ ನೋಡೋಣ, ಅದರಿಂದ ಸಾಲದಿದ್ದರೆ ಶಸ್ತ್ರಚಿಕಿತ್ಸೆಯ ಮಾತು, ಅಷ್ಟರಲ್ಲಿ ನೀವೆಲ್ಲ ಕೈಸನ್ನೆಯ ಭಾಷೆ ಕಲಿಯಲು ಶುರುಮಾಡಿ, ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು. ಬುದ್ಧಿವಂತೆ, ಕಣ್ಣಲ್ಲೇ ಎಲ್ಲ ಓದುತ್ತಾಳೆ ಎಂದು ಅವಳ ಗಲ್ಲ ತಟ್ಟಿದರು. ಅವಳ ಬಗ್ಗೆ ನನಗೆ ಅಷ್ಟು ಭಯವಿಲ್ಲ ಅಕ್ಕ, ನಿಜ ಹೇಳುತ್ತೇನೆ. ಅಪ್ಪ ಕಡೆಯ ಎಂಟು ವರ್ಷ ಒಂದು ಶಬ್ದವೂ ಇಲ್ಲದೆ ಕಳೆದರು, ಅವರಷ್ಟು ನೆಮ್ಮದಿಯಾಗಿದ್ದವರನ್ನು ನಾನು ನೋಡಿಲ್ಲ. ಆಮೇಲೆ ಡಾಕ್ಟರು ಕನ್ನಡಕ ತೆಗೆದು ಕೇಳಿದರು: “ಇದು ಆರು ತಿಂಗಳೊಳಗೆ ಗೊತ್ತಾಗಿದ್ರೆ ತುಂಬಾ ಅನುಕೂಲ ಇತ್ತು. ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿರಲಿಲ್ವಾ?”

ಇವರು, “ಮಾಡಿದ್ರು, ಸರಿಯಿದೆ ಅಂದಿದ್ರು,” ಎಂದು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ.

ಅವತ್ತಿನಿಂದ ಇವರು ಮೊದಲಿನ ಮನುಷ್ಯರಲ್ಲ. ಆ ಹೆರಿಗೆ ಆಸ್ಪತ್ರೆಯ ಮೇಲೆ ದೂರು ಬರೆಯುತ್ತಿದ್ದಾರೆ. ಆ ದಿನ ಕೆಲಸದಲ್ಲಿದ್ದ ನರ್ಸ್ ಯಾರೆಂದು ಫೋನ್ ಮಾಡಿ ತಿಳಿದುಕೊಂಡಿದ್ದಾರೆ. ಆಕೆ ಈಗಲೂ ಅಲ್ಲೇ ಇದ್ದಾಳಂತೆ. “ಅವಳು ಇನ್ನೊಂದು ಮಗುವಿನ ಕಿವಿ ಮುಟ್ಟಬಾರದು. ಹಾಗೆ ಮಾಡ್ತೀನಿ,” ಅನ್ನುತ್ತಾರೆ. ಎಲ್ಲದಕ್ಕೂ ಎಲ್ಲೋ ಒಂದು ಕಾಗದ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ ಎಂಬುದು ಅವರ ಕಚೇರಿಯ ಮಾತು. ಮೂರು ಕರಡು ಬರೆದು ಹರಿದಿದ್ದಾರೆ. ನಾಲ್ಕನೆಯದು ನಾಳೆ ಬೆಳಿಗ್ಗೆ ಹೋಗುತ್ತದೆ. ನಾನು ಸಹಿ ಹಾಕಬೇಕು.

ಮನೆಯಲ್ಲಿ ಈಗ ಯಾರೂ ಪಿಸುಗುಟ್ಟುವುದಿಲ್ಲ. ನಿನ್ನೆ ಅತ್ತೆ ಬಾಗಿಲ ಬೆಲ್ಲಿನ ತಂತಿ ಜೋಡಿಸಿದರು, ಹಳೇ ಚಪ್ಪಲಿ ಹಾಕಿಕೊಂಡರು. ಟಪ್ ಟಪ್ ಎಂದು ಓಡಾಡುತ್ತಾರೆ. ಹನ್ನೊಂದು ತಿಂಗಳು ನಾವು ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆವು ಅಕ್ಕ? ಅಷ್ಟು ದಿನ ಹಾಡಬಹುದಿತ್ತು. ಜಗಳವಾಡಬಹುದಿತ್ತು.

ಸರಿ, ನಿನ್ನ ಫಾರಂ ತುಂಬಿದ್ದೇನೆ. ಮೂರು ಗೆರೆ ಸಾಕಾಯಿತು.

ಲಿವರ್ ಇರಲಿ. ಅವಳಿಗೆ ಅದನ್ನು ಎಳೆದು ಬಿಡುವುದೆಂದರೆ ಇಷ್ಟ, ಬೆರಳ ತುದಿಗೆ ಕರಕರ ತಾಗುತ್ತದೆ. ಮುಂದುಗಡೆ ಒಂದು ಸಣ್ಣ ದೀಪ ಇಡಿ, ಚಿತ್ರ ತೆಗೆಯುವ ಮೊದಲು ಮಿನುಗಲಿ. ಕರೆದರೆ ತಿರುಗದವರನ್ನು ಕರೆಯುವುದಕ್ಕೆ. ಮೂರನೆಯದು ಇದು: ಅದುರನ್ನು ವಾಪಸ್ ತನ್ನಿ. ಬ್ಯಾಟರಿ ಹಾಳಾಗಿ ಹೋಗಲಿ. ಎರಡು ಗುಂಡಿ ಒತ್ತಿ ಹಿಡಿದರೆ ಬರುವ ಹಾಗಲ್ಲ, ಪೆಟ್ಟಿಗೆಯಿಂದ ತೆಗೆದ ಮೊದಲ ಗಳಿಗೆಯಿಂದಲೇ ಇರಲಿ. ಮೂವತ್ತು ಮನೆಯವರು ಬೇಡ ಎಂದರೂ ಒಂದು ಮನೆಯವಳು ಬೇಕು ಅಂದಳು ಎಂದು ನಿಮ್ಮ ಸಭೆಯಲ್ಲಿ ಎದ್ದು ನಿಂತು ಹೇಳು. ಅಪ್ಪ ಕೇಳಿ ಹಾಕಿಸಿದ್ದು ಅದು. ತಾವು ನೋಡದೇ ಹೋಗುವ ಮೊಮ್ಮಗಳಿಗೂ ಅದೇ ತಲುಪುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅಜ್ಜನ ಕ್ಯಾಮೆರಾ ಅವಳಿಗೆ ಸಿಕ್ಕಿದ್ದು ಶಬ್ದದಲ್ಲಿ ಅಲ್ಲ. ನೀನು ಅಷ್ಟು ಕಷ್ಟಪಟ್ಟು ಹಿಡಿದ ಶಬ್ದ ಅವಳಿಗೆ ಬೇಡವಾಯಿತಲ್ಲ ಎಂದು ಬೇಸರ ಮಾಡಿಕೊಳ್ಳಬೇಡ.

ಮೊದಲ ಕಾಗದದಲ್ಲಿ ಅಪ್‌ಡೇಟ್ ಬಗ್ಗೆ ನಿನ್ನನ್ನು ದೂರಿದ್ದೆ. ನೀವು ಆ ಅಪ್‌ಡೇಟ್ ಕಳಿಸದಿದ್ದರೆ ಇನ್ನೂ ಎಷ್ಟು ತಿಂಗಳು ನಾನು ಹಾಗೇ ಇರುತ್ತಿದ್ದೆನೋ. ಒಳ್ಳೆಯದನ್ನೇ ಮಾಡಿದೆ ನೀನು, ತಿಳಿಯದೆ.

ಚಿಕ್ಕವಳು ದೊಡ್ಡವಳನ್ನು ಹರಸಬಾರದೆಂದು ಎಲ್ಲೂ ಬರೆದಿಲ್ಲ. ನಿನ್ನ ಕೈಯಲ್ಲಿ ಮುಟ್ಟಿದ ಕೆಲಸ ಊರ್ಜಿತವಾಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ಚೋಟುವಿಗೆ ನಿನ್ನ ಆಶೀರ್ವಾದ ಇರಲಿ, ನನಗಿಂತ ಅವಳಿಗೆ.

ನಿನ್ನ ಬಾಲಂಗೋಚಿ

ಅಕ್ಕ, ಇದನ್ನು ಬರೆಯದೆ ಲಕೋಟೆ ಅಂಟಿಸಲಾಗುತ್ತಿಲ್ಲ. ಕ್ಯಾಮೆರಾದ ಪೆಟ್ಟಿಗೆ ಎಲ್ಲಿದೆಯೋ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಅದು ಬೀರುವಿನ ಮೇಲೆ, ಮಗುವಿನ ಹಳೇ ಬಟ್ಟೆಯ ಹಿಂದೆ, ನಾನಿಟ್ಟ ಜಾಗದಲ್ಲೇ ಇತ್ತು.

ಚೋಟು ಹುಟ್ಟಿದ ಎರಡನೇ ದಿನ ಆ ನರ್ಸ್ ಪುಟ್ಟ ಯಂತ್ರ ತಂದಿದ್ದಳು. ಇವರು ಔಷಧಿ ತರಲು ಕೆಳಗೆ ಹೋಗಿದ್ದರು. ಎಡಗಿವಿ ನೋಡಿದಳು, ಬಲಗಿವಿ ನೋಡಿದಳು, ಮತ್ತೆ ನೋಡಿದಳು. “ಎರಡೂ ಕಿವಿಯಿಂದ ಸರಿಯಾದ ಉತ್ತರ ಬರ್ತಾ ಇಲ್ಲ. ಕಿವಿಲಿ ನೀರಿದ್ರೂ ಹೀಗಾಗುತ್ತೆ, ಗಾಬರಿ ಬೇಡ. ಆದ್ರೆ ಒಂದು ತಿಂಗಳೊಳಗೆ ಕರ್ಕೊಂಡು ಬರಲೇಬೇಕು, ಮರೀಬೇಡಿ,” ಎಂದು ಗುಲಾಬಿ ಬಣ್ಣದ ಚೀಟಿಯಲ್ಲಿ ತಾರೀಖು ಬರೆದುಕೊಟ್ಟಳು. ‘ಮರೀಬೇಡಿ’ ಎಂದು ಎರಡು ಸಲ ಹೇಳಿದಳು. ಆ ಮಧ್ಯಾಹ್ನವೇ ನೀನು ಕ್ಯಾಮೆರಾ ಹಿಡಿದುಕೊಂಡು ಬಂದೆ. ಕಳೆದುಹೋಗದಿರಲಿ ಎಂದು ಚೀಟಿಯನ್ನು ನಾನು ಆ ಪೆಟ್ಟಿಗೆಯ ಫೋಮಿನ ಕೆಳಗೆ ಇಟ್ಟೆ. ಇವರು ಬಂದು ಏನಂದರು ಎಂದು ಕೇಳಿದಾಗ ‘ಎಲ್ಲ ಸರಿಯಿದೆಯಂತೆ’ ಅಂದೆ. ಅವರು ಅಷ್ಟು ಖುಷಿಯಲ್ಲಿದ್ದರು, ಒಂದು ತಿಂಗಳ ಮಟ್ಟಿಗೆ ತಾನೇ ಅಂದುಕೊಂಡೆ.

ಐದನೇ ವಾರ, ಅವಳು ನನ್ನ ಎದೆಯ ಮೇಲೆ ಮಲಗಿದ್ದಾಗ, ಕ್ಯಾಮೆರಾವನ್ನೂ ಎದೆಗಾನಿಸಿಕೊಂಡು ಒತ್ತಿದೆ. ಅವಳು ಬೆಚ್ಚಿ ಕಣ್ಣು ಬಿಟ್ಟಳು. ಕೇಳಿಸುತ್ತದೆ ಎಂದು ಅತ್ತುಬಿಟ್ಟೆ. ಇನ್ನು ಹೋಗುವುದು ಯಾಕೆ ಎಂದು ಚೀಟಿ ಅಲ್ಲೇ ಬಿಟ್ಟೆ. ಮರೆತೆ ಎಂದರೆ ನೀನು ನಂಬುತ್ತೀಯ, ಎಲ್ಲರೂ ನಂಬುತ್ತಾರೆ. ಆದರೆ ನಾನು ಮರೆತಿರಲಿಲ್ಲ, ಅಕ್ಕ. ನನಗೆ ನಿದ್ದೆ ಬಾರದೆ ಇದ್ದದ್ದು ಅವಳಿಂದಲ್ಲ. ದಿನಕ್ಕೆ ಇಪ್ಪತ್ತು ಸಲ ಗುಂಡಿ ಒತ್ತಿ ಅವಳು ತಿರುಗುವುದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದು ಚಿತ್ರ ತೆಗೆಯುವ ಹುಚ್ಚು ಎಂದು ಎಲ್ಲರೂ ಅಂದುಕೊಂಡರು.

ಆ ನರ್ಸ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಳು. ನಾಳೆ ಬೆಳಿಗ್ಗೆ ಹೋಗುವ ಕಾಗದದಲ್ಲಿ ಅವಳ ಹೆಸರಿದೆ.

ಪೆಟ್ಟಿಗೆ ಇಳಿಸಿದ್ದೇನೆ. ಊಟದ ಮೇಜಿನ ಮೇಲೆ ಮುಚ್ಚಳ ತೆಗೆದು, ಫೋಮ್ ಎತ್ತಿ, ಚೀಟಿಯನ್ನು ಇವರು ಕೂರುವ ಕುರ್ಚಿಯ ಎದುರಿಗೆ ಇಟ್ಟಿದ್ದೇನೆ. ಅತ್ತೆಗೆ ಹೇಳಿದೆ. ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತಿದ್ದಾರೆ. ಚೋಟು ನೆಲದ ಮೇಲೆ ಆಡುತ್ತಿದ್ದಾಳೆ. ಮೆಟ್ಟಿಲ ಮೇಲೆ ಇವರ ಹೆಜ್ಜೆ ಬಿದ್ದರೆ ನಮಗಿಂತ ಮೊದಲು ಅವಳಿಗೇ ಗೊತ್ತಾಗುತ್ತದೆ, ಹಲಗೆಗೆ ಅಂಗೈ ಊರಿ ಬಾಗಿಲ ಕಡೆ ತಿರುಗುತ್ತಾಳೆ.

ಈಗ ತಿರುಗಿದಳು.